ನಾಲ್ಕು ಭಾಷೆ ಬರುತ್ತದೆ, ಸರಿ, ಬರೆಯುವುದು ಯಾವುದರಲ್ಲಿ?



ಕಳೆದ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮ ವಯಸ್ಸಿನ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. "ಆಂಟಿ, ನೀವು ಮನೆಯಲ್ಲೇ ಕುಳಿತು ಟ್ರಾನ್ಸ್‌ಲೇಷನ್ ಮಾಡ್ತೀರಂತೆ. ನನಗೂ ಐದು ಭಾಷೆ ಬರುತ್ತದೆ. ನಾನೂ ಮಾಡಬಹುದಲ್ಲಾ?" ಎಂದು ಕೇಳಿದಳು. ಬೆರಳು ಮಡಿಚಿ ಎಣಿಸಿಯೂ ತೋರಿಸಿದಳು: ಮನೆಯಲ್ಲಿ ತುಳು ಮತ್ತು ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ರಸ್ತೆಯಲ್ಲಿ ಹಿಂದಿ. ನಾನು ಒಂದೇ ಪ್ರಶ್ನೆ ಕೇಳಿದೆ: "ಯಾವ ಭಾಷೆಗೆ ಮಾಡ್ತೀಯಮ್ಮಾ?" ಆಕೆ ಸುಮ್ಮನಾದಳು. "ಯಾವುದಕ್ಕಾದರೂ..." ಎಂದಳು. ಆ "ಯಾವುದಕ್ಕಾದರೂ" ಎಂಬ ಮಾತೇ ಈ ಲೇಖನಕ್ಕೆ ಕಾರಣ.

ನಾನು ಧಾರವಾಡದ ಕಡೆಯವಳು. ಇಂಗ್ಲಿಷ್ ವಿಷಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಗ್ರಾಂಟ್ ರೋಡಿನ ಚಾಳಿನ ಮೂರನೆಯ ಮಾಳಿಗೆಗೆ ಬಂದೆ. ಬಂದ ಹೊಸದರಲ್ಲಿ ಇಲ್ಲಿನ ಮಾತುಗಳ ಗದ್ದಲಕ್ಕೆ ಬೆರಗಾಗಿದ್ದೆ. ಬೆಳಿಗ್ಗೆ ಭಾಜಿ ಗಲ್ಲಿಯಲ್ಲಿ ಮರಾಠಿಯಲ್ಲಿ ಚೌಕಾಸಿ, ಮೆಟ್ಟಿಲಲ್ಲಿ ಸಿಗುವ ಪಾರ್ಸಿ ಅಜ್ಜಿಯೊಡನೆ ಗುಜರಾತಿ, ಟ್ಯಾಕ್ಸಿಯವನೊಡನೆ ಹಿಂದಿ, ಉಡುಪಿ ಹೋಟೆಲಿನ ಗಲ್ಲಾದ ಹತ್ತಿರ ತುಳು. ಒಂದೇ ಮುಂಜಾನೆ ಇಷ್ಟು ಭಾಷೆಗಳನ್ನು ದಾಟುವವರು ನಾವು. ಆದ್ದರಿಂದ "ಭಾಷಾಂತರ ಅಂದರೇನು ಮಹಾ, ದಿನಾ ಮಾಡುವುದೇ ಅಲ್ಲವೇ" ಎಂದು ನಾನೂ ಅಂದುಕೊಂಡಿದ್ದೆ.

ನಮ್ಮ ಪೇಟೆಗೆ ಈ ಗುಣ ಹಳೆಯದು. 1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್ ಅವರ ಹೆಸರು ಹೊತ್ತ ಈ ರಸ್ತೆಯಲ್ಲಿ 1846ರಲ್ಲಿ ಒಂದು ನಾಟಕಶಾಲೆ ತೆರೆಯಿತು. ಮರಾಠಿ ರಂಗಭೂಮಿಯ ಪಿತಾಮಹರೆನಿಸಿದ ವಿಷ್ಣುದಾಸ ಭಾವೆಯವರು 1853ರಲ್ಲಿ ತಮ್ಮ ನಾಟಕಗಳನ್ನು ಇಲ್ಲಿಗೆ ತಂದರು. ಅವರಿಗೆ ನಾಟಕ ಕಟ್ಟುವ ಪ್ರೇರಣೆ ಎಲ್ಲಿಂದ ಬಂತು ಬಲ್ಲಿರಾ? 1842ರಲ್ಲಿ ಸಾಂಗಲಿಗೆ ಬಂದಿದ್ದ ಕರ್ನಾಟಕದ ಆಟದ ಮೇಳದಿಂದ. ಆ ಆಟ ಕಂಡ ಸಾಂಗಲಿಯ ಅರಸರು "ಇಂಥದ್ದು ಮರಾಠಿಯಲ್ಲೂ ಆಗಲಿ" ಎಂದರಂತೆ. ಅಂದರೆ ಕನ್ನಡ ನೆಲದ ಆಟವೊಂದು ಮರಾಠಿಯ ಉಡುಗೆ ತೊಟ್ಟು ನಮ್ಮ ಗ್ರಾಂಟ್ ರೋಡಿಗೆ ಬಂದು ಇಳಿಯಿತು. ಅದೂ ಒಂದು ಬಗೆಯ ಭಾಷಾಂತರವೇ.

ಒಂದು ಚಮಚದ ಕಥೆ

ಈಗ ನನ್ನದೇ ತಪ್ಪಿನ ಕಥೆ ಹೇಳುತ್ತೇನೆ. ನಾನು ಈ ಕೆಲಸಕ್ಕೆ ಕೈ ಹಾಕಿದ ಮೊದಲ ವರ್ಷದಲ್ಲೇ ಪರಿಚಿತರೊಬ್ಬರು ಒಂದು ಆರೋಗ್ಯದ ಕರಪತ್ರ ತಂದುಕೊಟ್ಟರು. ಕಟ್ಟಡದ ಕೆಲಸಕ್ಕೆಂದು ವಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದ ಕೂಲಿ ಕುಟುಂಬಗಳಿಗೆ ಹಂಚಬೇಕಾದದ್ದು. ಮಕ್ಕಳಿಗೆ ಭೇದಿಯಾದಾಗ ಮನೆಯಲ್ಲೇ ಸಕ್ಕರೆ ಉಪ್ಪಿನ ನೀರು ಮಾಡುವ ವಿಧಾನ ಅದರಲ್ಲಿತ್ತು. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು; ಚಮಚ ತಲೆ ತುಂಬದೆ ಮಟ್ಟಸವಾಗಿರಬೇಕು. ನಾನು ಸೊಗಸಾದ ಕನ್ನಡದಲ್ಲಿ "ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು" ಎಂದು ಬರೆದು ಬೀಗಿದೆ.

ಅಚ್ಚಿಗೆ ಹೋಗುವ ಮೊದಲು, ನಮ್ಮ ಚಾಳಿಗೆ ಪಾತ್ರೆ ತೊಳೆಯಲು ಬರುತ್ತಿದ್ದ ಸಿಂದಗಿ ಕಡೆಯ ಹೆಣ್ಣುಮಗಳಿಗೆ ಅದನ್ನು ಓದಿ ಹೇಳಿದೆ. ಆಕೆ ಕೇಳಿದಳು: "ಯಾವ ಚಮಚರೀ ಅಕ್ಕಾರ? ಚಾದ್ದೋ, ಪಲ್ಯಾ ಬಡಸೂದೋ?"

ನನ್ನ ಕೈ ತಣ್ಣಗಾಯಿತು. ಬಡಿಸುವ ಚಮಚದಲ್ಲಿ ಅರ್ಧ ಉಪ್ಪು ಹಾಕಿ ಹಾಲುಗೂಸಿಗೆ ಕುಡಿಸಿದ್ದರೆ ಏನಾಗುತ್ತಿತ್ತು? ಉಪ್ಪು ಹೆಚ್ಚಾದರೆ ಸೊರಗಿದ ಮಗುವಿನ ಜೀವಕ್ಕೇ ಅಪಾಯ. ನನಗೆ ಇಂಗ್ಲಿಷ್ ಬರುತ್ತಿತ್ತು, ಕನ್ನಡವೂ ಬರುತ್ತಿತ್ತು. ಆದರೆ ಆ ಕಾಗದ ಯಾರ ಕೈಗೆ ಹೋಗುತ್ತದೆ, ಅವರ ಅಡಿಗೆ ಮನೆಯಲ್ಲಿ ಏನಿದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಆ ಹೆಣ್ಣುಮಗಳ ಪ್ರಶ್ನೆ ನನಗೆ ಬಿ.ಎ.ಯಲ್ಲಿ ಯಾರೂ ಕಲಿಸದ ಪಾಠ ಕಲಿಸಿತು.

ಹೊರದೇಶದಲ್ಲಿ ಇದಕ್ಕಿಂತ ಘೋರವಾದದ್ದು ನಡೆದಿದೆ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 18 ವರ್ಷದ ಯುವಕನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಸ್ಪ್ಯಾನಿಷ್ ಮಾತಿನವರು. ಅವರು "ಇಂಟಾಕ್ಸಿಕಾಡೋ" ಎಂಬ ಪದ ಬಳಸಿದರು. ತಿಂದದ್ದೋ ಕುಡಿದದ್ದೋ ಮೈಗೆ ಆಗಲಿಲ್ಲ ಎಂಬುದು ಅವರ ಅರ್ಥ. ಕೇಳಿದವರು ಅದನ್ನು ಇಂಗ್ಲಿಷಿನ "ಇಂಟಾಕ್ಸಿಕೇಟೆಡ್" ಎಂದು ತಿಳಿದು, ಮಾದಕ ದ್ರವ್ಯ ಸೇವನೆಯೆಂದು ಚಿಕಿತ್ಸೆ ನಡೆಸಿದರು. ನಿಜವಾಗಿ ಆದದ್ದು ಮೆದುಳಿನ ರಕ್ತಸ್ರಾವ. ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಪರಿಹಾರದ ಮೊತ್ತ ಸುಮಾರು 7 ಕೋಟಿ 10 ಲಕ್ಷ ಡಾಲರ್ ಎನ್ನುತ್ತಾರೆ. ಹಣ ಎಷ್ಟಾದರೇನು, ಹೋದ ಕೈಕಾಲು ಬಂದೀತೇ?

ಇಂಥ ಹೊಂಚು ಹಾಕಿದ ಪದಗಳು ನಮ್ಮ ನಡುವೆಯೂ ಬೇಕಾದಷ್ಟಿವೆ. ಹಿಂದಿಯ "ಶಿಕ್ಷಾ" ವಿದ್ಯೆ. ಕನ್ನಡದ "ಶಿಕ್ಷೆ" ದಂಡನೆ. ಹಿಂದಿಯ "ಅವಸರ್" ಅವಕಾಶ. ನಮ್ಮ "ಅವಸರ" ಗಡಿಬಿಡಿ. ಹಿಂದಿಯ "ಉಪನ್ಯಾಸ್" ಕಾದಂಬರಿ. ನಮ್ಮ "ಉಪನ್ಯಾಸ" ಭಾಷಣ. ಹಿಂದಿಯ "ಅನುಮಾನ್" ಅಂದಾಜು. ನಮ್ಮ "ಅನುಮಾನ" ಸಂಶಯ. ಮರಾಠಿಯಲ್ಲಿ "ರಾಗ" ಬಂದರೆ ಸಿಟ್ಟು ಬಂದಂತೆ, ಕನ್ನಡದಲ್ಲಿ ಸಂಗೀತ ಬಂದಂತೆ! ಐದು ಭಾಷೆ ಬಲ್ಲ ನೀವೇ ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಒಂದೇ ಭಾಷೆ ಬಲ್ಲವನಿಗೆ ಈ ಗೊಂದಲವೇ ಇಲ್ಲ.

ಯಾವ ಭಾಷೆಯಿಂದ, ಯಾವ ಭಾಷೆಗೆ?

ಸ್ವತಂತ್ರವಾಗಿ ಈ ಕೆಲಸ ಮಾಡುವವರು ತಮ್ಮ ಪರಿಚಯ ಹೇಳುವಾಗ ಭಾಷೆಗಳ ಪಟ್ಟಿ ಕೊಡುವುದಿಲ್ಲ, ಜೋಡಿ ಹೇಳುತ್ತಾರೆ. "ಇಂಗ್ಲಿಷಿನಿಂದ ಕನ್ನಡಕ್ಕೆ", "ಮರಾಠಿಯಿಂದ ಕನ್ನಡಕ್ಕೆ", "ಜರ್ಮನ್‌ನಿಂದ ಇಂಗ್ಲಿಷಿಗೆ" ಎಂದು. ಜೋಡಿಯಲ್ಲಿ ದಿಕ್ಕೂ ಇರುತ್ತದೆ. ನಾನು ಮರಾಠಿಯಿಂದ ಕನ್ನಡಕ್ಕೆ ತರುತ್ತೇನೆ; ಕನ್ನಡದಿಂದ ಮರಾಠಿಗೆ ಕೊಡುವ ಧೈರ್ಯ ಮಾಡುವುದಿಲ್ಲ. ಮೂವತ್ತು ವರ್ಷದಿಂದ ಮರಾಠಿ ಆಡುತ್ತಿದ್ದರೂ ನನ್ನ ಮರಾಠಿ ಭಾಜಿ ಗಲ್ಲಿಯ ಮರಾಠಿ. ಅದರಲ್ಲಿ ಬದನೆಕಾಯಿ ಕೊಳ್ಳಬಹುದು, ಕರಾರು ಪತ್ರ ಬರೆಯಲಾಗದು.

"ಮಾತೃಭಾಷೆಗೆ ಮಾತ್ರ ಭಾಷಾಂತರಿಸು" ಎಂಬುದು ಜಗತ್ತಿನೆಲ್ಲೆಡೆ ಈ ಕಸುಬಿನವರು ಹೇಳುವ ನಿಯಮ. ಆದರೆ ನಮ್ಮಂಥವರ ಮನೆಗಳಲ್ಲಿ ಆ ನಿಯಮ ಅಷ್ಟು ಸರಳವಲ್ಲ. ನಿಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಹಾಗಾದರೆ ಕನ್ನಡ ನಿಮ್ಮದಲ್ಲವೇ? ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಅವರಿಗಿಂತ ದೊಡ್ಡ ಕನ್ನಡಿಗರನ್ನು ಎಲ್ಲಿಂದ ತರೋಣ? ಮನೆಯಲ್ಲಿ ಏನು ಆಡುತ್ತೀರಿ ಎಂಬುದರಷ್ಟೇ, ಯಾವ ಭಾಷೆಯಲ್ಲಿ ಓದಿ ಬೆಳೆದಿರಿ ಎಂಬುದೂ ಮುಖ್ಯ. ಓದಿನಿಂದ ಬಂದ ಭಾಷೆಯಲ್ಲೇ ಬರೆಯುವ ಕೈ ಪಳಗುತ್ತದೆ.

ಇಲ್ಲಿ ನಿಮ್ಮ ಪೀಳಿಗೆಗೆ ಸ್ವಲ್ಪ ಕಹಿಯಾದ ಮಾತು ಹೇಳಬೇಕು. ನಿಮ್ಮಲ್ಲಿ ಬಹಳಷ್ಟು ಜನ ಕನ್ನಡ ಮಾತಾಡುತ್ತೀರಿ, ಓದುವುದಿಲ್ಲ. ಹೀಗಿದ್ದು "ಇಂಗ್ಲಿಷಿನಿಂದ ಕನ್ನಡಕ್ಕೆ" ಎಂದು ಬೋರ್ಡು ಹಾಕುವುದು ಈಜು ಬಾರದವನು ದೋಣಿ ಬಾಡಿಗೆಗೆ ಕೊಟ್ಟಂತೆ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ನಿಮ್ಮ ಓದಿನ ಭಾಷೆ ಇಂಗ್ಲಿಷೋ ಮರಾಠಿಯೋ ಆಗಿದ್ದರೆ, ಕನ್ನಡ*ದಿಂದ* ಆ ಭಾಷೆಗೆ ಕೊಡುವ ದಿಕ್ಕು ನಿಮ್ಮದು.

ಇದಕ್ಕೆ ನಮ್ಮ ಪಕ್ಕದ ಪುಣೆಯಲ್ಲೇ ಉಜ್ವಲವಾದ ಉದಾಹರಣೆ ಇದೆ. ಉಮಾ ಕುಲಕರ್ಣಿಯವರು ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರು, ಮನೆಮಾತು ಮರಾಠಿ. ಅವರ ಪತಿ ವಿರೂಪಾಕ್ಷ ಕುಲಕರ್ಣಿಯವರದು ಕನ್ನಡ. ಕನ್ನಡ ಲಿಪಿ ತಮಗೆ ಒಗ್ಗದ ದಿನಗಳಲ್ಲಿ ಉಮಾ ಅವರು ಒಂದು ಉಪಾಯ ಮಾಡಿದರು. ಪತಿ ಕನ್ನಡ ಕಾದಂಬರಿಯನ್ನು ಓದಿ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿಟ್ಟು ಕೆಲಸಕ್ಕೆ ಹೋಗುವುದು. ಇವರು ಅದನ್ನು ಕೇಳಿ ಕೇಳಿ ಮರಾಠಿಯಲ್ಲಿ ಬರೆಯುವುದು. ಹೀಗೆ ಎಸ್.ಎಲ್. ಭೈರಪ್ಪ, ಶಿವರಾಮ ಕಾರಂತ ಮೊದಲಾದವರ ಕೃತಿಗಳು ಮರಾಠಿ ಓದುಗರ ಮನೆ ಮನೆಗೆ ಹೋದವು. ಸಾಹಿತ್ಯ ಅಕಾಡೆಮಿ 1989ರಲ್ಲಿ ಭಾಷಾಂತರ ಪ್ರಶಸ್ತಿ ಆರಂಭಿಸಿದಾಗ, ಆ ವರ್ಷದ ಮರಾಠಿ ಪ್ರಶಸ್ತಿ ಬಂದದ್ದು ಉಮಾ ಅವರು ಮರಾಠಿಗೆ ತಂದ "ವಂಶವೃಕ್ಷ"ಕ್ಕೆ. ವಿರೂಪಾಕ್ಷರು ತಾವು ಮರಾಠಿಯ ಕೃತಿಗಳನ್ನು ಕನ್ನಡಕ್ಕೆ ತಂದರು. ಒಂದೇ ಮನೆ, ಎರಡು ದಿಕ್ಕು. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಗೆ. ನಿಮ್ಮ ಮನೆಯಲ್ಲಿ ಓದಿ ಹೇಳುವ ಅಜ್ಜ ಅಜ್ಜಿ ಇದ್ದರೆ ಅವರನ್ನು ಇಂದೇ ಕೂರಿಸಿಕೊಳ್ಳಿ. ಈಗಂತೂ ಟೇಪ್ ರೆಕಾರ್ಡರ್ ಬೇಡ, ನಿಮ್ಮ ಕೈಯಲ್ಲಿರುವ ಫೋನೇ ಸಾಕು.

ಕನ್ನಡದಿಂದ ಹೊರಗೆ ಹೋದದ್ದಕ್ಕೆ ಇಂದು ಎಂಥ ಮನ್ನಣೆ ಇದೆ ನೋಡಿ. ಮುಂಬಯಿಯಲ್ಲಿ ಬಹುಕಾಲ ನೌಕರಿ ಮಾಡಿದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಆ "ನೋ ಪ್ರೆಸೆಂಟ್ಸ್ ಪ್ಲೀಸ್" ಪುಸ್ತಕಕ್ಕೆ 2018ರ ಸಾಲಿನ ಡಿ.ಎಸ್.ಸಿ. ಬಹುಮಾನ ಬಂತು. ಭಾಷಾಂತರ ಕೃತಿಯೊಂದಕ್ಕೆ ಆ ಬಹುಮಾನ ಅದೇ ಮೊದಲು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ "ಹಾರ್ಟ್ ಲ್ಯಾಂಪ್"ಗೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ, 50,000 ಪೌಂಡುಗಳನ್ನು ಲೇಖಕಿ ಮತ್ತು ಭಾಷಾಂತರಕಾರ್ತಿಗೆ ಸಮನಾಗಿ ಹಂಚಲಾಯಿತು. ಅರ್ಧಕ್ಕೆ ಅರ್ಧ! ಹೆಸರೇ ಇಲ್ಲದೆ ಕರಪತ್ರ ಬರೆಯುವ ನನ್ನಂಥವಳಿಗೆ ಆ ಸುದ್ದಿ ಓದಿ ಕಣ್ಣು ತುಂಬಿ ಬಂತು.

ಭಾಷೆ ಸಾಲದು, ವಿಷಯವೂ ಬೇಕು

ಸಾಹಿತ್ಯ ಈ ಕಸುಬಿನ ಒಂದು ಕೋಣೆ ಮಾತ್ರ. ಹೊಟ್ಟೆ ತುಂಬಿಸುವ ಕೋಣೆಗಳು ಬೇರೆ ಇವೆ. ಜಾಹೀರಾತು ಕಂಪನಿಗಳು ಮುಂಬಯಿಯಲ್ಲಿ ದಂಡಿಯಾಗಿವೆ. ಸೋಪಿನಿಂದ ಸಿಮೆಂಟಿನವರೆಗೆ ಎಲ್ಲದರ ಮಾತೂ ಭಾರತದ ಹಲವು ಭಾಷೆಗಳಿಗೆ ಇಲ್ಲಿಂದಲೇ ಹೊರಡುತ್ತದೆ. ಔಷಧ ಕಂಪನಿಗಳಿಗೆ ರೋಗಿಯ ಒಪ್ಪಿಗೆ ಪತ್ರಗಳು ಬೇಕು. ವಿಮೆ, ಬ್ಯಾಂಕುಗಳಿಗೆ ಅರ್ಜಿಗಳು. ವಕೀಲರಿಗೆ ಊರಿನ ಆಸ್ತಿಯ ಕನ್ನಡ ದಾಖಲೆಗಳ ಇಂಗ್ಲಿಷ್ ಪ್ರತಿ. ಸಿನೆಮಾ, ಧಾರಾವಾಹಿಗಳಿಗೆ ಅಡಿಬರಹ ಮತ್ತು ಡಬ್ಬಿಂಗ್ ಸಂಭಾಷಣೆ. ಕನ್ನಡದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ತಡೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ದಾರಿ ತೆರೆಯಿತು.

ಇವುಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಳ್ಳಿ. ನಿಮ್ಮಲ್ಲಿ ಫಾರ್ಮಸಿ ಓದಿದವರಿದ್ದೀರಿ, ಕಾನೂನು ಓದಿದವರಿದ್ದೀರಿ, ಲೆಕ್ಕಪತ್ರ ಬಲ್ಲವರಿದ್ದೀರಿ. ಅದೇ ನಿಮ್ಮ ಬಂಡವಾಳ. ಪಹಣಿ, ಖಾತೆ, ಪಾಲುಪಟ್ಟಿ ಎಂದರೇನೆಂದು ತಿಳಿದ ವಕೀಲೆಯೊಬ್ಬಳು ಕನ್ನಡ ಓದಲು ಕಲಿತರೆ, ಬರಿಯ ಭಾಷಾ ಪಂಡಿತನಿಗಿಂತ ಆಕೆಯ ಕೆಲಸ ಮೇಲಾಗುತ್ತದೆ. ಬರೆಯುವುದು ಬೇಡ, ಬಾಯಿಮಾತೇ ಇಷ್ಟ ಎನ್ನುವವರಿಗೆ ದುಭಾಷಿಯ ಕೆಲಸ ಇದೆ; ಅದು ಬೇರೆಯೇ ವಿದ್ಯೆ. ಬರೆಯುವವನಿಗೆ ನಿಘಂಟು ತೆರೆಯಲು ಸಮಯವಿದೆ, ದುಭಾಷಿಗೆ ಉಸಿರು ತೆಗೆದುಕೊಳ್ಳಲೂ ಸಮಯವಿಲ್ಲ.

ಸಂಭಾವನೆಯ ಬಗ್ಗೆ ಒಂದು ಗುಟ್ಟು. ಈ ಕೆಲಸಕ್ಕೆ ಸಾಮಾನ್ಯವಾಗಿ ಪದಕ್ಕೆ ಇಷ್ಟೆಂದು ಹಣ. ಆದರೆ ಎಣಿಸುವುದು ಯಾವ ಭಾಷೆಯ ಪದ? ಇಂಗ್ಲಿಷಿನ "ಇನ್ ದ ಹೌಸ್" ಮೂರು ಪದ. ನಮ್ಮ "ಮನೆಯಲ್ಲಿ" ಒಂದೇ. ಕನ್ನಡ ಪದಗಳನ್ನು ಎಣಿಸಿದರೆ ನಿಮಗೆ ಖಂಡಿತ ನಷ್ಟ. ಆದ್ದರಿಂದ "ಮೂಲದ ಪದಗಳ ಲೆಕ್ಕ" ಎಂದು ಮೊದಲೇ ಬರೆಸಿಕೊಳ್ಳಿ. ಇದು ತಿಳಿಯದೆ ನಾನು ಎರಡು ವರ್ಷ ಅರ್ಧ ಕೂಲಿಗೆ ದುಡಿದೆ. ಇನ್ನೊಮ್ಮೆ ಮಧ್ಯವರ್ತಿಯೊಬ್ಬರು ನಲವತ್ತು ಪುಟ ಮಾಡಿಸಿಕೊಂಡು ಫೋನೆತ್ತುವುದನ್ನೇ ಬಿಟ್ಟರು. ಅಂದಿನಿಂದ ಹೊಸಬರ ಹತ್ತಿರ ಅರ್ಧ ಹಣ ಮುಂಗಡ ಕೇಳುತ್ತೇನೆ, ನಾಚಿಕೆ ಪಡುವುದಿಲ್ಲ. ಕಥೆ, ಕಾದಂಬರಿ ಆರಿಸಿಕೊಂಡರೆ ಮೊದಲು ಲೇಖಕರ ಅನುಮತಿ ಬೇಕು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರದು.

ಯಂತ್ರ ಇರುವಾಗ ನಾವೇಕೆ?

"ಆಂಟಿ, ಇದನ್ನೆಲ್ಲಾ ಈಗ ಕಂಪ್ಯೂಟರೇ ಮಾಡುತ್ತದಲ್ಲಾ" ಎಂದು ನೀವು ಕೇಳುತ್ತೀರಿ, ಗೊತ್ತು. 2011ರಲ್ಲಿ ಗೂಗಲ್ ಭಾಷಾಂತರಕ್ಕೆ ಕನ್ನಡ ಸೇರಿತು. ಅಂದಿನಿಂದ ಯಂತ್ರ ಬಹಳ ಜಾಣನಾಗಿದೆ. ನನಗೂ ಈಗ ಬರುವ ಕೆಲಸಗಳಲ್ಲಿ ಯಂತ್ರ ಮಾಡಿದ್ದನ್ನು ತಿದ್ದಿಕೊಡಿ ಎನ್ನುವುದೇ ಹೆಚ್ಚು, ಅದಕ್ಕೆ ಕೂಲಿಯೂ ಕಡಿಮೆ. ಇದನ್ನು ಮುಚ್ಚಿಡುವುದಿಲ್ಲ. ಸಾದಾ ಸೀದಾ ಕೆಲಸ ಯಂತ್ರದ ಪಾಲಾಗುತ್ತಿದೆ.

ಆದರೆ 2025ರ ಜುಲೈಯಲ್ಲಿ ಏನಾಯಿತು ನೆನಪಿದೆಯೇ? ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಪರವಾಗಿ ಕನ್ನಡದಲ್ಲಿ ಸಂತಾಪದ ಬರಹ ಪ್ರಕಟವಾಯಿತು. ಫೇಸ್‌ಬುಕ್ಕಿನ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಗಳೇ ತೀರಿಕೊಂಡರೆಂದು ಸಾರಿತು! ಸರ್ಕಾರ ದೂರು ಕೊಟ್ಟಿತು, ಕಂಪನಿ ಕ್ಷಮೆ ಕೇಳಿತು. ಕನ್ನಡದಲ್ಲಿ ನಾವು "ನಿನ್ನೆ ತೀರಿಕೊಂಡ ನಟಿ" ಎಂದು ಹೇಳುತ್ತೇವೆ; ಸತ್ತ ಸಂಗತಿ ಮೊದಲು, ಸತ್ತವರು ಆಮೇಲೆ. ವಾಕ್ಯದ ಆರಂಭದಲ್ಲಿ ಇನ್ನೊಬ್ಬರ ಹೆಸರಿದ್ದರೆ ಯಂತ್ರ ಆ ಸಾವನ್ನು ಅವರ ತಲೆಗೆ ಕಟ್ಟಿಬಿಡಬಹುದು. ನಿಮ್ಮ ಮನೆಯ ಏಳು ವರ್ಷದ ಮಗು ಈ ತಪ್ಪು ಮಾಡುವುದಿಲ್ಲ. ಯಂತ್ರ ಬರೆದದ್ದು ಸರಿಯೋ ತಪ್ಪೋ ಹೇಳಲು ಎರಡೂ ಭಾಷೆಯನ್ನು ಓದಬಲ್ಲ ಒಬ್ಬ ಮನುಷ್ಯ ಬೇಕು. ಕನ್ನಡ ಓದಲು ಬಾರದವರು ಯಂತ್ರವನ್ನು ನಂಬಲೇಬೇಕಾಗುತ್ತದೆ, ಬೇರೆ ದಾರಿಯಿಲ್ಲ.

ಊಟದ ಸಾಲಿನ ಹುಡುಗಿ

ಆ ಹುಡುಗಿಗೆ ನಾನು ಒಂದು ಮಾತು ಹೇಳಿ ಕಳಿಸಿದ್ದೆ: "ಮನೆಯಲ್ಲಿ ಯಾರಿಗಾದರೂ ನಿಜವಾಗಿ ಬೇಕಾದ ಒಂದು ಕಾಗದ ತಗೊಂಡು ಬಾ." ಎರಡು ವಾರದ ಮೇಲೆ ಬಂದಳು. ಕೈಯಲ್ಲಿ ಅವಳ ಅಜ್ಜಿಯ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ. ಅಜ್ಜಿ ಮನೆಯಲ್ಲಿ ಆಡುವುದು ತುಳು, ಓದುವುದು ಕನ್ನಡ ಮಾತ್ರ. ಹಗಲು ಮನೆಯಲ್ಲಿ ಒಬ್ಬರೇ. ಎಂಟು ಬಗೆಯ ಮಾತ್ರೆಗಳು, ಎಲ್ಲವೂ ಇಂಗ್ಲಿಷಿನಲ್ಲಿ.

ಅವಳು ಹೇಳಿದಳು, ನಾನು ಬರೆದೆ. ಒಂದು ಮಾತ್ರೆಯ ಮುಂದೆ "ಆಲ್ಟರ್ನೇಟ್ ಡೇಸ್" ಎಂದಿತ್ತು. "ಎರಡು ದಿನಕ್ಕೊಮ್ಮೆ" ಎಂದಳು. "ಎರಡು ದಿನ ಬಿಟ್ಟು ಎಂದು ಅಜ್ಜಿ ತಿಳಿದರೆ?" ಎಂದೆ. ಬಹಳ ಹೊತ್ತು ಯೋಚಿಸಿ, ಕೊನೆಗೆ ಅಜ್ಜಿಗೇ ಫೋನು ಮಾಡಿ, ಉತ್ತರ ಪಡೆದುಕೊಂಡಳು: "ದಿನ ಬಿಟ್ಟು ದಿನ." ಇನ್ನೊಂದು ಮಾತ್ರೆ "ಎಸ್.ಒ.ಎಸ್." ಎಂದಿತ್ತು. ಅದಕ್ಕೆ "ನೋವಿದ್ದರೆ ಮಾತ್ರ" ಎಂದು ಬರೆದೆವು; ಆಮೇಲೆ ಡಾಕ್ಟರರ ಹತ್ತಿರ ಕೇಳಿ, ದಿನಕ್ಕೆ ಎಷ್ಟರವರೆಗೆ ಎಂಬುದನ್ನೂ ಸೇರಿಸಿಕೊಂಡಳು. ಇಡೀ ಕಾಗದ ಮುಗಿಯಲು ಎರಡು ಗಂಟೆ ಹಿಡಿಯಿತು.

ಈಗ ಆಕೆ ಭಾನುವಾರ ಬೆಳಿಗ್ಗೆ ಬಂದು ಒತ್ತಕ್ಷರ ಕಲಿಯುತ್ತಿದ್ದಾಳೆ. ಕಳೆದ ತಿಂಗಳು ಅಜ್ಜಿಯ ಹೊಸ ಔಷಧದ ಚೀಟಿಯನ್ನು ತಾನೇ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳಂತೆ. ಅಕ್ಷರ ಸೊಟ್ಟ, ಎರಡು ಕಡೆ ದೀರ್ಘ ಬಿಟ್ಟಿದ್ದಾಳೆ. ಅಜ್ಜಿ ಪೆನ್ನಿನಿಂದ ತಿದ್ದಿದ್ದಾರೆ. ಆದರೆ ಸಿರಪ್ಪಿನ ಸಾಲಿನ ಮುಂದೆ ಅವಳು ಬರೆದದ್ದನ್ನು ಕೇಳಿ ನನಗೆ ಸಿಂದಗಿಯ ಆ ಹೆಣ್ಣುಮಗಳು ನೆನಪಾದಳು: "ಬಾಟಲಿಯ ಜೊತೆ ಬಂದ ಮುಚ್ಚಳದಲ್ಲಿ ಅಳೆಯಬೇಕು, ಚಮಚದಲ್ಲಿ ಅಲ್ಲ."

ನೀವೂ ನಿಮ್ಮ ಮನೆಯಲ್ಲಿ ಅಂಥ ಒಂದು ಕಾಗದ ಹುಡುಕಿ. ಕೆಲಸ, ಸಂಭಾವನೆ, ಬಹುಮಾನ ಎಲ್ಲ ಆಮೇಲೆ. ಮೊದಲು ಆ ಒಂದು ಪುಟ ಬರೆದು, ಯಾರಿಗಾಗಿ ಬರೆದಿರೋ ಅವರಿಗೇ ಓದಿ ಹೇಳಿ, ಅವರು ಕೇಳುವ ಪ್ರಶ್ನೆಗೆ ಕಿವಿಗೊಡಿ. ಒತ್ತಕ್ಷರ ಮರೆತವರಿಗೆ ನಮ್ಮ ಮನೆಯಲ್ಲಿ ಭಾನುವಾರ ಜಾಗವಿದೆ, ಚಹವೂ ಇದೆ. ಮೂರು ಮಾಳಿಗೆ ಹತ್ತಬೇಕು, ಅಷ್ಟೇ.